ಎಂಟೂ ಪ್ರೆಸ್ಸು ನಡೆದ ದಿನ

ಬೀಗ ತೆಗೆದವರು ನಮ್ಮ ಮನೆಯವರು, ಕಸಬರಿಗೆ ಹಿಡಿದು ಹಿಂದೆ ನಿಂತವಳು ನಾನು. ಶಟರ್ ಅರ್ಧ ಏರಿ ಕಿರ್ರೆಂದು ಸಿಕ್ಕಿಕೊಂಡಿತು. ಉಳಿದರ್ಧವನ್ನು ಇಬ್ಬರೂ ಸೇರಿ ಎತ್ತಿದೆವು. ಎತ್ತಿದ ಕೂಡಲೇ ಒಳಗಿನಿಂದ ಆ ವಾಸನೆ ಬಂತು ನೋಡಿ! ಹಿತ್ತಾಳೆ, ಮಷಿನ್ ಎಣ್ಣೆ, ಬೆವರು ಮೂರೂ ಕಲೆತ ವಾಸನೆ. ಶೆಡ್ಡು ಮುಚ್ಚಿ ವರ್ಷಗಳಾದವು, ಒಳಗೆ ಒಂದು ಮಷಿನ್ ಇಲ್ಲ, ಒಂದು ಗುಂಡಿ ಇಲ್ಲ. ವಾಸನೆ ಮಾತ್ರ ಮನೆ ಖಾಲಿ ಮಾಡಲೊಲ್ಲದ ಬಾಡಿಗೆದಾರನಂತೆ ಅಲ್ಲೇ ಕೂತಿತ್ತು.

ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದು ಒಂಚೂರೂ ಸೇರುತ್ತಿರಲಿಲ್ಲ. ನಾನು ಸಿರುಗುಪ್ಪದ ಕಡೆ ದೇಶನೂರಿನ ಭತ್ತದ ಮನೆಯವಳು, ಹಸಿ ಹುಲ್ಲಿನ ವಾಸನೆಯಲ್ಲಿ ಬೆಳೆದವಳು. ಇವರ ಕೈ ತಾಗಿದರೆ ನನ್ನ ಕೈಗೂ ಹಿತ್ತಾಳೆ ಹತ್ತುತ್ತಿತ್ತು, ಎಷ್ಟು ಸೋಪು ತಿಕ್ಕಿದರೂ ಹೋಗುತ್ತಿರಲಿಲ್ಲ. 'ಊಟ ಬಡಿಸೋ ಕೈ ಹಿಂಗ ನಾರಿದ್ರೆ ಹೆಂಗ್ರಿ' ಎಂದು ಮುಖ ಸಿಂಡರಿಸುತ್ತಿದ್ದೆ. ಈಗ ಅದೇ ವಾಸನೆಗೆ ಕಣ್ಣು ತುಂಬಿ ಬಂತು. ಮನುಷ್ಯರ ಹಣೆಬರಹ ನೋಡಿ.

ಕಣ್ಣೊರೆಸಿಕೊಂಡು ಕಸ ಹೊಡೆಯಲು ಬಗ್ಗಿದೆ. ಇವರು ಕಸಬರಿಗೆ ಹಿಡಿದುಕೊಂಡರು.

"ಬ್ಯಾಡ ನೀಲಾ. ಹೆಂಗೈತಿ ಹಂಗಾ ಇರ್ಲಿ. ಅವರು ನೋಡ್ಲಿ."

ಅವರು ಅಂದರೆ ದಿಲ್ಲಿಯ ಅಧಿಕಾರಿಗಳು. ಮಧ್ಯಾಹ್ನದೊಳಗೆ ಯಾವ ದಿನ ಬರುತ್ತಾರೆಂದು ಫೋನ್ ಬರುತ್ತದೆ, ಶೆಡ್ಡು ತೆರೆದಿಡಿ ಎಂದು ನನ್ನ ತಮ್ಮ ಹೇಳಿ ಕಳಿಸಿದ್ದ. ಆ ಅಧಿಕಾರಿಗಳು ಈ ಶೆಡ್ಡಿಗೆ ಹಿಂದೆಯೂ ಒಮ್ಮೆ ಬಂದಿದ್ದರು. ಆ ವರ್ಷವನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಏಳುತ್ತದೆ. ಯಾರ ಮೇಲೆ ಅಂತ ಕೇಳಬೇಡಿ, ಒಬ್ಬರ ಮೇಲೆ ಅಂತ ಹೇಳಲಾಗುವುದಿಲ್ಲ.

ನಮ್ಮದು ಗುಂಡಿ ಮಾಡುವ ಕಾರ್ಖಾನೆ. ಅಂಗಿಯ ಗುಂಡಿಯಲ್ಲ, ಜೀನ್ಸ್ ಪ್ಯಾಂಟಿನ ಸೊಂಟಕ್ಕೆ ಕೂರುವ ಲೋಹದ ಗುಂಡಿ. ಬಳ್ಳಾರಿ ಅಂದರೆ ಹೊರಗಿನವರಿಗೆ ಗಣಿ ಮತ್ತು ಕೆಂಧೂಳು. ಊರವರಿಗೆ ಗೊತ್ತು, ಇಲ್ಲಿ ಓಣಿ ಓಣಿಯಲ್ಲೂ ಜೀನ್ಸ್ ಹೊಲಿಯುತ್ತಾರೆ ಎಂದು. ಕತ್ತರಿಸುವವರು ಒಂದು ಕಡೆ, ಹೊಲಿಯುವವರು ಒಂದು ಕಡೆ, ತೊಳೆದು ಬಣ್ಣ ತೆಗೆಯುವವರು ಮತ್ತೊಂದು ಕಡೆ. ಅಷ್ಟು ಪ್ಯಾಂಟಿಗೆ ಬೇಕಾದ ಗುಂಡಿ ಮೊದಲೆಲ್ಲ ಮುಂಬಯಿಯಿಂದ ಬರುತ್ತಿತ್ತಂತೆ. ನಮ್ಮ ಮಾವನವರು ಒಂದು ಹಳೆಯ ಪ್ರೆಸ್ಸು ತಂದು ಇಲ್ಲೇ ಮಾಡುತ್ತೇನೆ ಅಂದಾಗ ಪಾರ್ವತಿನಗರದ ನೆಂಟರೆಲ್ಲ ನಕ್ಕರಂತೆ. ಅಂಗಡಿಯ ಗಲ್ಲಾಪೆಟ್ಟಿಗೆ ಬಿಟ್ಟು ತಗಡು ಬಡಿಯಲು ಹೊರಟಿದ್ದಾನೆ, ಮರ್ಯಾದಸ್ತ ಮನೆತನ ಎಂದು. ಮಾವನವರ ಕಾಲಕ್ಕೆ ಒಂದಿದ್ದ ಪ್ರೆಸ್ಸು ಇವರ ಕಾಲಕ್ಕೆ ಎಂಟಾಯಿತು. ನಕ್ಕವರ ಮಕ್ಕಳೇ ಬಂದು ಕೆಲಸ ಕೇಳಿದರು.

ಹಿತ್ತಾಳೆ ತಗಡಿನ ಸುರುಳಿ ಒಂದು ತುದಿಯಿಂದ ಒಳಗೆ ಹೋದರೆ ಟಕ್ಕೆಂದು ಬಿಲ್ಲೆಯಾಗಿ ಬೀಳುತ್ತಿತ್ತು. ಇನ್ನೊಂದು ಪ್ರೆಸ್ಸಿನಲ್ಲಿ ಅದು ಪುಟ್ಟ ಬಟ್ಟಲಾಗುತ್ತಿತ್ತು, ಮತ್ತೊಂದರಲ್ಲಿ ಅದರ ಮೇಲೆ ಗಿರಾಕಿಯ ಹೆಸರಿನ ಅಚ್ಚು ಬೀಳುತ್ತಿತ್ತು. ಕೆಲಸಕ್ಕೆ ಬಾದನಹಟ್ಟಿಯಿಂದ ಹೆಂಗಸರು ಮುಂಜಾನೆಯ ಬಸ್ಸಿಗೆ ಬರುತ್ತಿದ್ದರು. ಅವರಿಗೆಲ್ಲ ಹಿರಿಯಳು ಹಂಪಮ್ಮ. ಪ್ರೆಸ್ಸಿನ ಸದ್ದಿಗಿಂತ ಅವಳ ಬಾಯಿಯ ಸದ್ದು ಹೆಚ್ಚು. 'ನಮ್ಮ ಗೌಡ್ರು' ಎಂದು ಇವರನ್ನು ಕರೆಯುವಳು. ಇವರು ಗೌಡರೂ ಅಲ್ಲ, ಏನೂ ಅಲ್ಲ, ಬರೀ ಪಂಪಾಪತಿ. ಆದರೆ ಹಾಗೆ ಕರೆಸಿಕೊಂಡಾಗ ಇವರ ಮೀಸೆ ಸ್ವಲ್ಪ ಮೇಲೇರುತ್ತಿದ್ದುದು ನಿಜ.

ನಮ್ಮಲ್ಲಿ ಒಂದು ರೂಢಿಯಿತ್ತು. ಹೊಸ ಅಚ್ಚು ಕೂರಿಸಿದಾಗ ಅದರಿಂದ ಬಿದ್ದ ಮೊದಲ ಗುಂಡಿಯನ್ನು ಮಾರುತ್ತಿರಲಿಲ್ಲ. ಅದಕ್ಕೆ ವಿಭೂತಿ ಹಚ್ಚಿ, ಯಾರ ಹೆಸರಿನ ಅಚ್ಚೋ ಆ ಗಿರಾಕಿಯ ಪ್ಯಾಂಟಿಗೇ ಬಡಿದು ಕೊಡುವುದು, ಅವನು ಅದನ್ನು ತೊಟ್ಟು ಬಂದು ಊಟ ಮಾಡಿ ಹೋಗುವುದು. ಹಾಗೆ ನಮ್ಮ ಮನೆಯಲ್ಲಿ ಮೊದಲ ಗುಂಡಿಯ ಊಟವನ್ನು ಎಲ್ಲರಿಗಿಂತ ಹೆಚ್ಚು ಸಲ ಉಂಡವನು ನನ್ನ ತಮ್ಮ ಚನ್ನಬಸವ. ಊರಲ್ಲಿ ಗದ್ದೆ ನೋಡಿಕೋ ಎಂದು ಅಪ್ಪ ಅಂದರೆ, ಕೆಸರಿಗೆ ಇಳಿಯಲೊಲ್ಲೆ ಎಂದು ಬಳ್ಳಾರಿಗೆ ಓಡಿ ಬಂದವನು. ಇವರು ಅವನಿಗೆ ಕೆಲಸ ಕಲಿಸಿದರು, ನಾಲ್ಕು ಜನರ ಪರಿಚಯ ಮಾಡಿಸಿದರು, ಕೊನೆಗೆ ತಾವೇ ಮುಂದೆ ನಿಂತು ಹೊಲಿಗೆ ಯೂನಿಟ್ ಹಾಕಿಸಿದರು. ಅವನ ಬಾಯಲ್ಲಿ 'ಮಾಮಾ' ಅಂದರೆ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ.

ಇಂಥದ್ದರ ನಡುವೆ ಚೀನಾ ಗುಂಡಿ ಬಂತು. ಮೊದಮೊದಲು ಒಂದೆರಡು ಅಂಗಡಿಯಲ್ಲಿ ಮಾದರಿಗೆಂದು ಇಟ್ಟಿದ್ದರು. ನೋಡನೋಡುತ್ತ ಮೂಟೆ ಮೂಟೆಯಾಗಿ ಇಳಿಯಿತು. ಗುಣದಲ್ಲಿ ನಮ್ಮದಕ್ಕಿಂತ ಹೆಚ್ಚೇನಿಲ್ಲ. ಆದರೆ ನಮಗೆ ಬರಿಯ ತಗಡು ಬೀಳುವ ದರಕ್ಕಿಂತ ಅವರ ತಯಾರಾದ ಗುಂಡಿಯೇ ಅಗ್ಗ! ಇದು ಹೇಗೆ ಸಾಧ್ಯ ಎಂದು ಇವರು ಒಂದು ಮುಷ್ಟಿ ಗುಂಡಿ ತಂದು ಊಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ನೋಡುತ್ತಿದ್ದರು. ಅಲ್ಲಿಯ ಸರಕಾರ ಆ ಕಾರ್ಖಾನೆಗಳಿಗೆ ಜಾಗ ಕೊಡುತ್ತದಂತೆ, ಕರೆಂಟು ಕೊಡುತ್ತದಂತೆ, ಹಡಗು ಹತ್ತಿಸಿದ ಮಾಲಿಗೆ ಮೇಲಿಷ್ಟು ಕೈಗೆ ಹಾಕುತ್ತದಂತೆ. ತಮ್ಮ ದೇಶದಲ್ಲಿ ಮಾರುವ ದರಕ್ಕಿಂತ ಕಡಿಮೆಗೆ ನಮ್ಮಲ್ಲಿ ತಂದು ಸುರಿಯುತ್ತಾರಂತೆ.

"ಇದು ಯಾಪಾರ ಅಲ್ಲ ನೀಲಾ," ಎಂದರು ಇವರು. "ನಮ್ಮನ್ನ ಕುಂತ ಜಾಗದಿಂದ ಎಬ್ಬಸಾಕ ಮಾಡಿದ ಕೆಲ್ಸ. ನಾವು ಎದ್ದು ಹೋದ್ಮ್ಯಾಲೆ ನೋಡು, ರೇಟು ಹೆಂಗ ಏರಸ್ತಾರ."

ಆ ಮಳೆಗಾಲಕ್ಕೆ ಎಂಟರಲ್ಲಿ ಎರಡೇ ಪ್ರೆಸ್ಸು ನಡೆಯುತ್ತಿದ್ದವು, ಅವೂ ಮಧ್ಯಾಹ್ನದವರೆಗೆ. ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದದ್ದೇ ಹೆಂಗಸರು ಒಬ್ಬೊಬ್ಬರಾಗಿ ಭತ್ತದ ನಾಟಿಗೆ ಹೋಗಿಬಿಟ್ಟರು. ಹಂಪಮ್ಮ ಒಬ್ಬಳು ಸುಮ್ಮನೆ ಬಂದು ಕೂತು, ನಿಂತ ಪ್ರೆಸ್ಸುಗಳ ಮೇಲಿನ ಧೂಳು ಒರೆಸಿ ಹೋಗುತ್ತಿದ್ದಳು. ಒಂದು ದಿನ ಅವಳೂ ಕೈಮುಗಿದಳು. "ಬ್ಯಾಸರ ಮಾಡ್ಕೋಬ್ಯಾಡ್ರಿ ಗೌಡ್ರ. ಧೂಳು ಒರ್ಸೋ ಕೂಲಿ ನಿಮ್ಮತ್ರ ತಗೊಳ್ಳಾಕ ನನಗ ಮನಸಾಗವಲ್ದು," ಎಂದು ಹೇಳಿ ಬಸ್ಸು ಹತ್ತಿದಳು. ಆ ವರ್ಷ ಹೊಸ ಅಚ್ಚು ಒಂದೂ ಬರಲಿಲ್ಲ. ಮೊದಲ ಗುಂಡಿಯ ಊಟವೂ ಆಗಲಿಲ್ಲ.

ಸರಕಾರ ಕಣ್ಣು ಮುಚ್ಚಿ ಕೂತಿತ್ತು ಎಂದರೆ ನನ್ನ ನಾಲಗೆ ಸುಳ್ಳಾಡಿದಂತೆ. ಹೀಗೆ ಹೊರಗಿನ ಮಾಲು ಅನ್ಯಾಯದ ದರಕ್ಕೆ ಬಂದು ಬಿದ್ದರೆ ಇಲ್ಲಿಯ ತಯಾರಕರು ದೂರು ಕೊಡಬಹುದು, ದಿಲ್ಲಿಯಲ್ಲಿ ವಿಚಾರಣೆ ನಡೆಯುತ್ತದೆ, ದೂರು ನಿಜವಾದರೆ ಆ ಮಾಲಿನ ಮೇಲೆ ಹೆಚ್ಚಿನ ಸುಂಕ ಬೀಳುತ್ತದೆ. ದೇಶದಲ್ಲಿ ಈ ಗುಂಡಿ ಮಾಡುವವರೇ ಕೆಲವರು. ಉತ್ತರದ ಕಡೆಯ ದೊಡ್ಡ ಇಬ್ಬರು ಮೂವರು, ಉಳಿದಂತೆ ನಮ್ಮಂಥ ಸಣ್ಣವರು. ಎಲ್ಲರೂ ಕೂಡಿ ದೂರು ಕೊಟ್ಟರು. ದಿಲ್ಲಿಯ ವಕೀಲರೊಬ್ಬರು ಫೋನಿನಲ್ಲಿ ಹಿಂದಿಯಲ್ಲಿ ವಿವರಿಸುತ್ತಿದ್ದರು. ಇವರು ಹಿಂದಿ ಬಾರದವರು, ಫೋನು ನನ್ನ ಕಿವಿಗೆ ಬರುತ್ತಿತ್ತು. ನನ್ನ ಹಿಂದಿ ಹೈಸ್ಕೂಲಿನದು, ಆ ಪುಣ್ಯಾತ್ಮರ ಸಹನೆ ದೊಡ್ಡದು. ಎರಡು ಮಾತು ಸಾಬೀತಾಗಬೇಕು ಎಂದರು. ಅವರು ಅನ್ಯಾಯದ ದರಕ್ಕೆ ಮಾರುತ್ತಿದ್ದಾರೆ ಎನ್ನುವುದು ಒಂದು, ಅದರಿಂದ ನಿಮಗೆ ಹಾನಿಯಾಗಿದೆ ಎನ್ನುವುದು ಇನ್ನೊಂದು. ಮೊದಲನೆಯದನ್ನು ನಾನು ನೋಡಿಕೊಳ್ಳುತ್ತೇನೆ, ಎರಡನೆಯದನ್ನು ನೀವು ತೋರಿಸಬೇಕು.

ಸುದ್ದಿ ಊರೆಲ್ಲ ಹಬ್ಬಿತು. ಗುಂಡಿಗೆ ಸುಂಕ ಬಿದ್ದರೆ ಪ್ಯಾಂಟಿನ ಖರ್ಚು ಏರುತ್ತದೆಂದು ಹೊಲಿಗೆಯವರಿಗೆ ದಿಗಿಲು. ವಿಚಾರಣೆಯಲ್ಲಿ ಅವರೂ ತಮ್ಮ ಮಾತು ಹೇಳಬಹುದಲ್ಲ, ಎಲ್ಲರೂ ಸೇರಿ ಆಕ್ಷೇಪಣೆ ಬರೆದರು. ಒಂದು ಭಾನುವಾರ ಚನ್ನ ನಮ್ಮ ಮನೆಗೆ ಬಂದ. ಯಾವಾಗಲೂ ಅಂಗಿ ಒಳಗೆ ಸೇರಿಸಿ ಸೊಂಟದ ಗುಂಡಿ ಕಾಣುವ ಹಾಗೆ ಬರುವವನು, ಅವತ್ತು ಅಂಗಿ ಹೊರಗೆ ಇಳಿಬಿಟ್ಟಿದ್ದ. ಒಳಗೆ ಚೀನಾ ಗುಂಡಿ ಇತ್ತೆಂದು ಬೇರೆ ಹೇಳಬೇಕೇ? ನಾನು ರೊಟ್ಟಿ ಬಡಿಸುತ್ತ ಬೇಕೆಂದೇ ಕೆಣಕಿದೆ. "ಯಾಕೋ, ಹೊಟ್ಟಿ ಬಂದೈತೇನು, ಅಂಗಿ ಮುಚ್ಗೊಂಡು ಬಂದೀ?" ಅವನು ಅಂಗಿಯ ಅಂಚನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ.

"ಮಾಮಾ, ನಾಳೆ ನಾನೂ ಸಹಿ ಹಾಕ್ತೀನ್ರಿ," ಎಂದ ಕೊನೆಗೆ. "ಸುಂಕ ಬ್ಯಾಡ ಅಂತ. ಎಲ್ಲರೂ ಹಾಕ್ಯಾರ. ನಾನೊಬ್ಬ ಹಾಕ್ಲಿಲ್ಲಂದ್ರ ಅವರ ನಡುವೆ ಹೆಂಗ ಬಾಳ್ಲಿ?"

"ಹಾಕು," ಎಂದರು ಇವರು. "ಮೊದ್ಲ ಊಟ ಮಾಡು. ಖಾಲಿ ಹೊಟ್ಟಿಲೆ ಹಾಕಿದ್ರ ಸಹಿ ಸೊಟ್ಟ ಬರ್ತೈತಿ."

"ಸಿಟ್ಟಾಗಬ್ಯಾಡ್ರಿ ಮಾಮಾ. ಪಕ್ಕದ ದೇಶದಿಂದ ತಯಾರ್ ಪ್ಯಾಂಟು ಬಂದು ನಮ್ಮ ಹೊಟ್ಟಿಮ್ಯಾಲೆ ಕುಂತಾವು. ಅವನ್ನ ತಡೀರಿ ಅಂತ ನಾವೂ ಸರಕಾರಕ್ಕ ಬರದೀವಿ."

"ಅಂದ್ರ ಪ್ಯಾಂಟು ಬರಬಾರ್ದು, ಗುಂಡಿ ಬರ್ಬೇಕು. ಬಾಗ್ಲಾ ಹಾಕ್ಬೇಕು, ಕಿಡಕಿ ತೆಗದಿಡ್ಬೇಕು. ಸರಕಾರಕ್ಕ ತಲಿ ಕೆಡ್ಸಾಕ ನೀವು ಸಾಕಲೇ!" ಎಂದು ಇವರು ಜೋರಾಗಿ ನಕ್ಕರು. ಚನ್ನನೂ ನಕ್ಕ, ನಗುತ್ತಲೇ ಅವನ ಕಣ್ಣಲ್ಲಿ ನೀರು ಬಂತು. ನಾನು ನಗಲಿಲ್ಲ. ಒಡಹುಟ್ಟಿದವನು ಒಂದು ಕಡೆ, ಕೈಹಿಡಿದವರು ಇನ್ನೊಂದು ಕಡೆ. ನಡುವೆ ರೊಟ್ಟಿ ಬುಟ್ಟಿ ಹಿಡಿದು ನಾನು.

ಸಂಕ್ರಾಂತಿ ಕಳೆದ ಮೇಲೆ ವಕೀಲರ ಫೋನು ಬಂತು. ಅಧಿಕಾರಿಗಳು ಕೆಲವು ಕಾರ್ಖಾನೆಗಳನ್ನು ಕಣ್ಣಾರೆ ನೋಡಲು ಹೊರಟಿದ್ದಾರೆ, ಸಣ್ಣವರ ಪೈಕಿ ನಿಮ್ಮದನ್ನು ಆರಿಸಿದ್ದಾರೆ ಎಂದರು. ಆಮೇಲೆ ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿದರು. "ಬೆಹನ್‌ಜೀ, ಜೈಸಾ ಹೈ ವೈಸಾ ಹೀ ದಿಖಾನಾ." ಹೇಗಿದೆಯೋ ಹಾಗೇ ತೋರಿಸಿ. ನಿಂತ ಮಷಿನು ನಿಂತಿರಲಿ, ಖಾಲಿ ಜಾಗ ಖಾಲಿ ಇರಲಿ. ನಾನು ಅಕ್ಷರ ಬಿಡದೆ ಇವರಿಗೆ ಹೇಳಿದೆ. ಮತ್ತೆ ಹೇಳಿದೆ. "ಆತು, ಕೇಳ್ಸ್ತು. ಕಿವುಡ ಅಲ್ಲ ನಾನು," ಎಂದರು.

ಕಿವುಡರಲ್ಲ ಅನ್ನುವುದೇ ನನ್ನ ಸಂಕಟ. ಗೊತ್ತಿಲ್ಲದೆ ಮಾಡಿದ್ದರೆ ನಾನು ಇಷ್ಟು ವರ್ಷ ಉರಿಯುತ್ತಿರಲಿಲ್ಲ.

ಬರುವ ದಿನ ಹತ್ತಿರ ಬಂದಂತೆ ಇವರಿಗೆ ಅದೇನಾಯಿತೋ. ಮೊದಲು ಶೆಡ್ಡಿನ ಮುಂದಿನ ಕಸ ತೆಗೆಸಿದರು. ಅಷ್ಟು ಇರಲಿ ಎಂದುಕೊಂಡೆ. ಆಮೇಲೆ ಗೋಡೆಗೆ ಸುಣ್ಣ ಬಂತು. ಆಮೇಲೆ ನಿಂತ ಪ್ರೆಸ್ಸುಗಳಿಗೆ ಎಣ್ಣೆ ಬಿತ್ತು. ನಮ್ಮ ಅತ್ತೆ ಬೇರೆ, ಹೋಳಿಗೆಗೆ ಬೇಳೆ ನೆನೆಹಾಕಲೇ ಎಂದು ಕೇಳಿದರು. ನನ್ನ ಸಹನೆ ಅಲ್ಲಿಗೆ ಮುಗಿಯಿತು.

"ಅವರು ಬರೋದು ನಮ್ಮ ಗಾಯ ನೋಡಾಕ್ರಿ," ಎಂದೆ. "ನೀವು ಅದರ ಮ್ಯಾಲೆ ಜರಿ ಪಟಗಾ ಸುತ್ತಾಕ ಹೊಂಟೀರಲ್ಲ!"

"ಮನಿಗೆ ಬಂದೋರ ಮುಂದ ಗಾಯ ಬಿಚ್ಚಿ ಕುಂದ್ರಬೇಕೇನ ಪಂಪಣ್ಣ?" ಎಂದರು ಅತ್ತೆ, ನನಗಲ್ಲ, ಮಗನಿಗೆ.

ಇವರು ಕೈಗೆ ಹತ್ತಿದ ಮಷಿನ್ ಎಣ್ಣೆ ಒರೆಸಿಕೊಂಡರು. "ನೀಲಾ, ನೀ ಹೇಳೋದು ಖರೇ ಐತಿ," ಎಂದರು. "ಆದ್ರ ನಮ್ಮಪ್ಪ ಈ ಶೆಡ್ಡಿಗೆ ಮೊದ್ಲನೇ ಪ್ರೆಸ್ ತಂದಾಗ ಊರೆಲ್ಲ ನಕ್ಕಿತ್ತು. ಈಗ ದಿಲ್ಲಿಯೋರು ಕಾರ್ ಇಳದು ಬಂದು ಖಾಲಿ ಶೆಡ್ ನೋಡೋದನ್ನ ಇಡೀ ರೋಡು ನೋಡ್ತೈತಿ. ಹೆಣ ತೋರ್ಸಿದಂಗ ಆಗ್ತೈತಿ ನನಗ. ಹಾನಿ ಐತಿ ಅಂತ ಕಾಗದದಾಗ ಬರ್ದು ಕೊಟ್ಟೀವಲ್ಲ, ಅದು ಸಾಲ್ದೇನು?"

ನಾನು ವಾದ ಮಾಡಿದೆ, ಕಣ್ಣೀರು ಹಾಕಿದೆ, ಮಾತು ಬಿಟ್ಟೆ, ಒಂದು ಹೊತ್ತು ಅನ್ನವನ್ನೂ ಬಿಟ್ಟೆ. ಇವರು ಕರಗಲಿಲ್ಲ.

ಆದರೆ ಮಷಿನು ನಡೆಸಲು ಆಳು ಎಲ್ಲಿ? ಹಂಪಮ್ಮನ ಗುಂಪು ಕುರುಗೋಡಿನ ಕಡೆ ಮೆಣಸಿನಕಾಯಿ ಬಿಡಿಸುತ್ತಿತ್ತು. ಪ್ರೆಸ್ಸಿಗೆ ಹಾಕಲು ತಗಡು ಎಲ್ಲಿ? ಗೋದಾಮಿನಲ್ಲಿ ಚೂರು ಇರಲಿಲ್ಲ. ಆಗ ಬಂದವನು ಚನ್ನ. ಅವನಿಗೆ ಯಾರೂ ಹೇಳಿಕಳಿಸಿರಲಿಲ್ಲ. ಊರಲ್ಲಿ ಸುದ್ದಿ ಕೇಳಿ ತಾನೇ ಓಡಿ ಬಂದ.

"ಮಾಮನ ಮರ್ಯಾದಿ ಅಂದ್ರ ನನ್ನ ಮರ್ಯಾದಿ ಅಕ್ಕಾ," ಎಂದ. ಆಕ್ಷೇಪಣೆಗೆ ಸಹಿ ಹಾಕಿದ ಅದೇ ಮನುಷ್ಯ! ಯಾರದೋ ಕಡೆಯಿಂದ ತಗಡಿನ ಸುರುಳಿ ತಂದ. ತನ್ನ ಯೂನಿಟ್ಟಿನ ಹುಡುಗಿಯರನ್ನು ಒಂದು ದಿನಕ್ಕೆ ಬಿಟ್ಟುಕೊಟ್ಟ. ಟಂಟಂ ಗಾಡಿ ಮಾಡಿ ಹಂಪಮ್ಮನ ಗುಂಪನ್ನು ಹೊಲದಿಂದಲೇ ಹತ್ತಿಸಿಕೊಂಡು ಬಂದ. ಸೊಂಟದಲ್ಲಿ ನಮ್ಮ ಹಳೆಯ ಮೊದಲ ಗುಂಡಿ, ಅಂಗಿ ಒಳಗೆ ಸೇರಿಸಿ ಎಲ್ಲರಿಗೂ ಕಾಣುವ ಹಾಗೆ. ಅವನ ಮನಸ್ಸಿನಲ್ಲಿ ಕಪಟವಿತ್ತೇ ಎಂದು ಆಮೇಲೆ ಕೆಲವರು ನನ್ನ ಕಿವಿ ಚುಚ್ಚಿದರು. ಇರಲಿಲ್ಲ. ಅವನು ನನ್ನ ಬೆನ್ನಿಗೆ ಬಿದ್ದವನು, ನನಗೆ ಗೊತ್ತಿಲ್ಲವೇ? ಕಪಟವಿದ್ದಿದ್ದರೆ ನನಗೂ ಸಮಾಧಾನವಿರುತ್ತಿತ್ತು, ಬೈದು ಹಗುರಾಗುತ್ತಿದ್ದೆ. ಅವನು ಪ್ರೀತಿಯಿಂದ ಮಾಡಿದ.

"ಒಂದಿನಕ್ಕ ಯಾಕ್ರಿ ಕರ್ಸೀರಿ?" ಎಂದಳು ಹಂಪಮ್ಮ, ಖಾರ ಹತ್ತಿದ ಕೈಯನ್ನು ಸೆರಗಿಗೆ ಒರೆಸುತ್ತ. "ಸಿನಿಮಾ ತೆಗಿಯಾಕ ಬರ್ತಾರೇನು?"

"ಹೂಂ, ಸಿನಿಮಾನ ತೆಗಿಯೋದು," ಎಂದೆ ನಾನು.

ಬಂದವರು ಇಬ್ಬರು. ಒಬ್ಬರು ದಿಲ್ಲಿಯ ಹೆಣ್ಣುಮಗಳು, ಮಾತು ಕಡಿಮೆ. ಇನ್ನೊಬ್ಬರು ನಡುವಯಸ್ಸಿನ ತೆಲುಗಿನವರು. ಒಳ್ಳೆಯವರೇ, ಇಬ್ಬರೂ. ಕಾರಿನಿಂದ ಇಳಿಯುವ ಹೊತ್ತಿಗೆ ಶೆಡ್ಡಿನೊಳಗೆ ಎಂಟೂ ಪ್ರೆಸ್ಸು ಒಟ್ಟಿಗೆ ಬಡಿಯುತ್ತಿದ್ದವು. ನೆಲ ಅದುರುತ್ತಿತ್ತು. ಎಷ್ಟು ತಿಂಗಳಾಗಿತ್ತು ಆ ಸದ್ದು ಕೇಳಿ! ಒಂದು ಗಳಿಗೆ, ಬಸವಣ್ಣನಾಣೆ, ನನ್ನ ಎದೆಯೂ ಉಬ್ಬಿತು. ಆಮೇಲೆ ಅದು ಒಳಗೇ ಕುಸಿಯಿತು.

ಹೆಣ್ಣುಮಗಳು ಹಿಂದಿಯಲ್ಲಿ ನನ್ನನ್ನು ಕೇಳಿದರು, ದಿನವೂ ಇಷ್ಟು ಮಷಿನು ನಡೆಯುತ್ತವೆಯೇ ಎಂದು. ನನ್ನ ಕೈಯಲ್ಲಿ ನೀರಿನ ಲೋಟಗಳ ತಟ್ಟೆ. "ನಹೀ ಜೀ, ಆಜ್ ಹೀ," ಎಂದೆ. ಇವತ್ತು ಮಾತ್ರ. ಹೇಳಿದೆ, ನಿಜವಾಗಿ ಹೇಳಿದೆ. ಆದರೆ ಅವರು ನನ್ನ ಹಿಂದೆ ಓಡುತ್ತಿದ್ದ ಸಾಲು ಮಷಿನುಗಳನ್ನೂ, ಬಗ್ಗಿ ಕೆಲಸ ಮಾಡುತ್ತಿದ್ದ ಹೆಂಗಸರನ್ನೂ ನೋಡಿ ನನ್ನ ಮುಖ ನೋಡಿದರು. ಆ ಸದ್ದಿನಲ್ಲಿ ನನ್ನ ಮಾತನ್ನು ಯಾರು ನಂಬಬೇಕು? ದೂರು ಗೆಲ್ಲಲಿ ಎಂದು ಹೇಳಿಕೊಟ್ಟ ಮಾತಿನಂತೆ ಕೇಳಿಸಿರಬೇಕು.

ಅಷ್ಟರಲ್ಲಿ ತೆಲುಗಿನ ಸಾಹೇಬರು ಇವರ ಹೆಗಲ ಮೇಲೆ ಕೈಯಿಟ್ಟು, "ಬಾಗಾನೇ ನಡುಸ್ತೋಂದಿ ಕದಂಡಿ?" ಎಂದರು. ಚೆನ್ನಾಗಿಯೇ ನಡೆಯುತ್ತಿದೆಯಲ್ಲ ಎಂದು.

ನಮ್ಮ ಕಡೆ ಯಾರಾದರೂ ಹಾಗೆ ಕೇಳಿದರೆ ಏನು ಹೇಳುತ್ತೇವೆ? ಮನೆಯಲ್ಲಿ ಬೆಂಕಿ ಬಿದ್ದಿದ್ದರೂ ಏನು ಹೇಳುತ್ತೇವೆ? ಇವರೂ ಅದನ್ನೇ ಹೇಳಿದರು. ಎರಡೂ ಕೈ ಜೋಡಿಸಿ, ಆ ಸಾಹೇಬರ ಭಾಷೆಯಲ್ಲೇ, "ಅಂತಾ ದೇವುಡಿ ದಯ," ಎಂದರು. ಎಲ್ಲಾ ದೇವರ ದಯೆ.

ಸಾಹೇಬರು ತಲೆಯಾಡಿಸಿ ಬರೆದುಕೊಂಡರು. ಹೋಳಿಗೆಯನ್ನು ಮಾತ್ರ ಮುಟ್ಟಲಿಲ್ಲ, ನಾವು ಏನೂ ತಿನ್ನುವ ಹಾಗಿಲ್ಲ ಎಂದು ಕೈಮುಗಿದರು. ಹೋಗುವಾಗ ಶೆಡ್ಡಿನ ಬಾಗಿಲಲ್ಲಿ ನಿಂತು, ನಿಮ್ಮ ಕಾಗದ ಒಂದು ಹೇಳುತ್ತದೆ, ಕಾರ್ಖಾನೆ ಇನ್ನೊಂದು ಹೇಳುತ್ತದೆ ಎಂದು ತೆಲುಗಿನಲ್ಲಿ ಮೆಲ್ಲಗೆ ಅಂದರು. ಬೈಗುಳದ ದನಿಯಲ್ಲ, ಬೇಸರದ ದನಿ. ಇವರು ಅದಕ್ಕೂ ಕೈಮುಗಿದರು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಪ್ರೆಸ್ಸುಗಳು ಒಂದೊಂದಾಗಿ ನಿಂತವು. ಹಂಪಮ್ಮ ಕೊನೆಯದನ್ನು ತಾನೇ ನಿಲ್ಲಿಸಿ, ಅದರ ಮೈ ಸವರಿ, ಏನೂ ಮಾತಾಡದೆ ಹೋದಳು. ಅಷ್ಟು ಬಾಯಿಯ ಹೆಂಗಸು. ಚನ್ನ ಹೋಳಿಗೆ ಹಂಚುತ್ತಿದ್ದ. "ಭರ್ಜರಿ ಆತಲ್ರಿ ಮಾಮಾ!" ಎಂದ. ಇವರು ಅವನ ಕೈಯಿಂದ ಹೋಳಿಗೆ ಇಸಿದುಕೊಂಡು, ತಿನ್ನದೆ, ಬಹಳ ಹೊತ್ತು ಹಿಡಿದುಕೊಂಡು ಕೂತರು.

ಉತ್ತರ ಬಂದದ್ದು ಬೇಸಿಗೆಯಲ್ಲಿ. ಬಳ್ಳಾರಿಯ ಬಿಸಿಲು ಗೊತ್ತಲ್ಲ, ಹಗಲು ಹೊತ್ತು ಬಾಗಿಲು ತೆಗೆದರೆ ಮುಖಕ್ಕೆ ಅನ್ನ ಕುದಿಯುವ ಬ್ವಾನದ ಗಡಿಗೆಯ ಹಬೆ ಹೊಡೆದಂತೆ. ವಕೀಲರ ದನಿ ಫೋನಿನಲ್ಲಿ ಸೋತಿತ್ತು. ದರ ಅನ್ಯಾಯದ್ದೇ ಎಂದು ದಿಲ್ಲಿ ಒಪ್ಪಿದೆ. ಆದರೆ ಇಲ್ಲಿಯವರಿಗೆ ಹಾನಿಯಾಗಿರುವುದು ಸಾಬೀತಾಗಿಲ್ಲ. ಸುಂಕ ಇಲ್ಲ. "ನಿಮ್ಮೊಬ್ಬರಿಂದಲೇ ಹೀಗಾಯಿತು ಎನ್ನಲಾರೆ ಬೆಹನ್‌ಜೀ, ಬೇರೆಯವರ ಲೆಕ್ಕದಲ್ಲೂ ಗೊಂದಲವಿತ್ತು," ಎಂದರು ಆ ದೊಡ್ಡ ಮನುಷ್ಯ. ಅದನ್ನೂ ನಾನು ಅಕ್ಷರ ಬಿಡದೆ ಇವರಿಗೆ ಹೇಳಿದೆ. ಇವರು ಕೇಳಿಸಿಕೊಂಡು, "ಸಮಾಧಾನಕ್ಕ ಹೇಳ್ಯಾರ ಬಿಡು," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಅವತ್ತು ನೋಡಾಕ ಬಂದೋರು ಕೇಳಿದ್ದು ಒಂದಾ ಮಾತು ನೀಲಾ. ನೋವು ಎಲ್ಲೈತಿ ಅಂತ. ನನ್ನ ಬಾಯಿಗೆ ಅದು ಬರ್ಲೇ ಇಲ್ಲ," ಎಂದರು.

ನಾನು ಎದ್ದು ಒಳಗೆ ಹೋದೆ. ಒಂದು ತಂಬಿಗೆ ನೀರು ತಂದು ಅವರ ಕೈಗಿಟ್ಟೆ.

ಪ್ರೆಸ್ಸುಗಳು ಒಂದೊಂದಾಗಿ ಹೋದವು, ಗುಜರಿಯ ತೂಕಕ್ಕೆ. ಮಾವನವರ ಮೊದಲ ಪ್ರೆಸ್ಸನ್ನು ಲಾರಿಗೆ ಹತ್ತಿಸಿದ ದಿನ ಅತ್ತೆ ಹೊರಗೆ ಬರಲಿಲ್ಲ. ಇವರು ಚನ್ನನ ಯೂನಿಟ್ಟಿನಲ್ಲೇ ಮಾಲಿನ ತಪಾಸಣೆಗೆ ಕೂತರು. ಅಳುಕಿಲ್ಲದೆ ಕೂತರು, ಅದನ್ನು ಹೇಳಬೇಕು. ದಿನವೂ ಪ್ಯಾಂಟು ತಿರುವಿ ಹಾಕಿ ಆ ಚೀನಾ ಗುಂಡಿಗಳನ್ನೇ ಹೆಬ್ಬೆರಳಲ್ಲಿ ಒತ್ತಿ ನೋಡುವುದು, ಬಿಗಿಯಾಗಿದೆ ಎಂದು ಗುರುತು ಹಾಕುವುದು. ಮನೆಗೆ ಬಂದಾಗ ಕೈಗೆ ಹಿತ್ತಾಳೆಯ ವಾಸನೆ ಇರುತ್ತಿರಲಿಲ್ಲ, ನೀಲಿ ಬಣ್ಣ ಹತ್ತಿರುತ್ತಿತ್ತು. ಸೋಪಿಗೆ ಹೋಗುತ್ತಿತ್ತು.

ಇವರು ಅಂದದ್ದೇ ಆಯಿತು. ಉತ್ತರದ ಒಬ್ಬಿಬ್ಬರು ಬಿಟ್ಟರೆ ಇಲ್ಲಿ ಮಾಡುವವರು ಯಾರೂ ಉಳಿಯಲಿಲ್ಲ ಎಂದು ಗೊತ್ತಾದದ್ದೇ ಗುಂಡಿಯ ದರ ಮೆಲ್ಲಗೆ ಏರಿತು, ಆಮೇಲೆ ಮೆಲ್ಲಗೆ ಏನಲ್ಲ, ದಡದಡ ಏರಿತು. ಹೇಳಿದ ಹೊತ್ತಿಗೆ ಮಾಲು ಬಾರದೆ ಚನ್ನನ ಯೂನಿಟ್ಟಿನಲ್ಲಿ ಹೊಲಿದ ಪ್ಯಾಂಟು ಗುಂಡಿಯಿಲ್ಲದೆ ರಾಶಿ ಬೀಳತೊಡಗಿತು. ಹೋದ ತಿಂಗಳು ಅವನು ಓಡಿ ಬಂದ. ಉತ್ತರದಲ್ಲಿ ಉಳಿದವರ ದೂರಿನ ಮೇಲೆ ದಿಲ್ಲಿಯಲ್ಲಿ ಹೊಸ ವಿಚಾರಣೆ ಶುರುವಾಗಿದೆ, ಈ ಸಲ ಹೊಲಿಗೆಯವರೂ ಸುಂಕ ಬೇಕು, ಇಲ್ಲಿಯ ಗುಂಡಿ ಬೇಕು ಎಂದು ಬರೆದುಕೊಟ್ಟಿದ್ದೇವೆ ಎಂದ. "ನಿಮ್ಮ ಹೆಸ್ರು, ಅಕ್ಕನ ಫೋನ್ ನಂಬರು ಬರ್ಸೀನಿ ಮಾಮಾ. ನಮಗ ಹಾನಿ ಆಗೈತಿ ಅಂತ ಹೇಳಾಕ ನಿಮಗಿಂತ ಬೇರೆ ಯಾರದಾರ? ಶೆಡ್ ತೆಗೀರಿ. ಬೇಕಾದ್ರ ನಾನು ಬಾಡಿಗಿಗೆ ಪ್ರೆಸ್ಸು..."

"ಏಯ್!" ಎಂದರು ಇವರು. ಚನ್ನ ಅಲ್ಲಿಗೇ ಬಾಯಿ ಮುಚ್ಚಿದ. "ಈ ಸಲ ಇದ್ದದ್ದು ಇದ್ದಂಗ ತೋರಸ್ತೀನಿ."

ಹಾಗಾಗಿ ಇವತ್ತು ಬಂದಿದ್ದೆವು. ಕಸಬರಿಗೆಯನ್ನು ಗೋಡೆಗೆ ಒರಗಿಸಿ ನಾನು ಸುಮ್ಮನೆ ನಿಂತೆ. ಸುಣ್ಣದ ಗೋಡೆ ಹೊಗೆಬಣ್ಣಕ್ಕೆ ತಿರುಗಿತ್ತು. ತೊಲೆಯ ಮೇಲೆ ಪಾರಿವಾಳದ ಗೂಡು, ನೆಲದ ತುಂಬ ಹಿಕ್ಕೆ. ಪ್ರೆಸ್ಸುಗಳಿದ್ದ ಕಡೆ ಬೋಲ್ಟು ಕಿತ್ತ ತೂತುಗಳು ಮಾತ್ರ ಸಾಲಾಗಿ ಉಳಿದಿದ್ದವು. ಇವರು ಅವುಗಳ ನಡುವೆ ಓಡಾಡುತ್ತ, ಇಲ್ಲಿ ಬಿಲ್ಲೆ, ಇಲ್ಲಿ ಬಟ್ಟಲು, ಇಲ್ಲಿ ಅಚ್ಚು ಎಂದು ತಮ್ಮಷ್ಟಕ್ಕೆ ಅಂದುಕೊಳ್ಳುತ್ತಿದ್ದರು, ಬರುವವರಿಗೆ ಹೇಳಲು ರೂಢಿ ಮಾಡಿಕೊಳ್ಳುವವರಂತೆ. ಇಷ್ಟು ವರ್ಷದಲ್ಲಿ ಅವರ ಮುಖದಲ್ಲಿ ಅಷ್ಟು ನಿರಾಳ ನಾನು ಕಂಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಚನ್ನನೂ ಬಂದು ಬಾಗಿಲಲ್ಲಿ ನಿಂತ. ಸೊಂಟದಲ್ಲಿ ಅದೇ ಮೊದಲ ಗುಂಡಿ, ಮೆರುಗು ಹೋಗಿ ಮಾಸಿದ್ದು.

ಫೋನು ಬಂತು. ದಿಲ್ಲಿಯ ಕಚೇರಿಯಿಂದ ಎಳೆಯ ದನಿಯ ಹುಡುಗಿ, ಮರ್ಯಾದೆಯ ಹಿಂದಿ. ಯೂನಿಟ್ ಚಾಲೂ ಇದೆ ಅಲ್ಲವೇ ಎಂದಳು. ಇಲ್ಲ, ಬಂದ್ ಆಗಿದೆ ಎಂದೆ. ಈಗ ಒಂದು ಮಷಿನೂ ಇಲ್ಲವೇ? ಇಲ್ಲಮ್ಮ, ಒಂದೂ ಇಲ್ಲ, ಬಂದು ನೋಡಿ, ನೋಡಲಿ ಅಂತಲೇ ತೆಗೆದಿಟ್ಟಿದ್ದೇವೆ ಎಂದೆ. ಈಗ ಗುಂಡಿ ಮಾಡುತ್ತಿರುವವರನ್ನು ಮಾತ್ರ ವಿಚಾರಣೆಗೆ ತೆಗೆದುಕೊಳ್ಳುತ್ತಾರೆ, ಮುಚ್ಚಿದವರು ತಯಾರಕರ ಲೆಕ್ಕಕ್ಕೆ ಬರುವುದಿಲ್ಲ, ಅವರ ಹಾನಿಯನ್ನು ನೋಡುವ ಪದ್ಧತಿ ಇಲ್ಲ ಎಂದಳು. "ಮಾಫ್ ಕೀಜಿಯೇ ಆಂಟೀಜೀ," ಎಂದು ಕ್ಷಮೆ ಕೇಳಿ ಫೋನು ಇಟ್ಟಳು.

ಆ ಮಾತನ್ನೂ ನಾನೇ ಇವರಿಗೆ ಹೇಳಬೇಕಾಯಿತು. ಹೇಳಿದೆ. ಚನ್ನ ಶಟರಿನ ಕಂಬ ಹಿಡಿದು ಕುಕ್ಕರಗಾಲಲ್ಲಿ ಕೂತುಬಿಟ್ಟ. "ಈ ಸಲ ನಿಮ್ಮ ಕಡಿಗೆ ಸಹಿ ಹಾಕಿದ್ದೆ ಮಾಮಾ," ಎಂದು ಬಿಕ್ಕಿದ.

ಇವರು ಅವನ ತಲೆಯ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ಗೋಡೆಯ ಹತ್ತಿರ ಹೋಗಿ ಕಸಬರಿಗೆ ತಂದು ನನ್ನ ಕೈಗೆ ಕೊಟ್ಟರು.

"ಯಾರೂ ಬರಂಗಿಲ್ಲ," ಎಂದರು. "ಇನ್ನ ಕಸ ಹೊಡಿ ನೀಲಾ."